ಮೂಲೆ ಮುಟ್ಟದ ಬೆಳಕು

ಥುರಿಂಜಿಯಾ ಕಾಡಿನ ಏರುಹಾದಿಯಲ್ಲಿ ಆಸ್ಕರ್ ಬಾರ್ನಾಕ್‌ಗೆ ಉಸಿರು ಸಾಲುತ್ತಿರಲಿಲ್ಲ. ಕಾಡು ಸುತ್ತುವ ಹುಚ್ಚು ಒಂದು ಕಡೆ, ಫೋಟೊ ತೆಗೆಯುವ ಹುಚ್ಚು ಇನ್ನೊಂದು ಕಡೆ, ಎರಡಕ್ಕೂ ಅಡ್ಡ ನಿಂತ ಉಬ್ಬಸ ಮತ್ತೊಂದು ಕಡೆ. 1902ರಿಂದ ಅವನು ಜರ್ಮನಿಯ ಯೇನಾ ಊರಿನ ಕಾರ್ಲ್ ಝೈಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ. ರಜೆ ಸಿಕ್ಕಿದರೆ ಕ್ಯಾಮೆರಾ ಹೊತ್ತು ಗುಡ್ಡದ ಕಡೆ ಹೊರಡುತ್ತಿದ್ದ. ಹೊತ್ತು ಎಂದರೆ ನಿಜವಾಗಿಯೂ ಹೊರೆ. ಅವನ ಕ್ಯಾಮೆರಾಕ್ಕೆ 13×18 ಸೆಂಟಿಮೀಟರಿನ ಗಾಜಿನ ಫಲಕಗಳು ಬೇಕಿದ್ದವು. ಒಂದೊಂದು ಚಿತ್ರಕ್ಕೆ ಒಂದೊಂದು ಗಾಜು, ಆ ಗಾಜುಗಳಿಗೆ ಮರದ ಕವಚ, ಎಲ್ಲವನ್ನೂ ತುಂಬುವ ಚರ್ಮದ ಪೆಟ್ಟಿಗೆ, ಮೇಲೆ ಮುಕ್ಕಾಲಿ. ಆರೋಗ್ಯವಂತರೇ ಬೆವರುವ ಭಾರವನ್ನು ಉಬ್ಬಸದ ಮನುಷ್ಯ ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದ್ದ.

ಕ್ಯಾಮೆರಾ ಚಿಕ್ಕದಾಗಬೇಕೆಂಬ ಹಟ ಹುಟ್ಟಿದ್ದು ಆ ದಾರಿಯಲ್ಲೇ. 1905ರ ಸುಮಾರಿಗೆ ಅವನು ಒಂದು ಉಪಾಯ ಹೂಡಿದ. ದೊಡ್ಡ ಗಾಜಿನ ಫಲಕ ಒಂದೇ ಇರಲಿ, ಅದರ ಮೇಲೆ ಸಾಲಾಗಿ ಹದಿನೈದಿಪ್ಪತ್ತು ಪುಟ್ಟ ಚಿತ್ರ ತೆಗೆದು ಆಮೇಲೆ ಒಂದೊಂದನ್ನೂ ಹಿಗ್ಗಿಸಿದರಾಯಿತು ಎಂದುಕೊಂಡ. ಹಿಗ್ಗಿಸಿ ನೋಡಿದಾಗ ಚಿತ್ರಕ್ಕಿಂತ ಮೊದಲು ಕಂಡದ್ದು ಕಣಗಳು. ಫಲಕದ ಮೇಲಿನ ಬೆಳ್ಳಿಲೇಪ ಅಷ್ಟು ಒರಟಾಗಿತ್ತು. ಉಪಾಯ ಅಲ್ಲಿಗೇ ನಿಂತಿತು, ಹಟ ನಿಲ್ಲಲಿಲ್ಲ.

ಯೇನಾದಲ್ಲಿ ಅವನಿಗೆ ಎಮಿಲ್ ಮೆಖಾವ್ ಎಂಬ ಗೆಳೆಯನಿದ್ದ. ಸಿನಿಮಾ ಪ್ರೊಜೆಕ್ಟರಿನ ಮಿನುಗು ತಪ್ಪಿಸಬೇಕೆಂದು ತಲೆ ಕೆಡಿಸಿಕೊಂಡಿದ್ದವನು. ಮೆಖಾವ್ ವೆಟ್ಸ್ಲಾರ್ ಎಂಬ ಪುಟ್ಟ ಊರಿಗೆ, ಎರ್ನ್ಸ್ಟ್ ಲೈಟ್ಸ್ ಅವರ ಸೂಕ್ಷ್ಮದರ್ಶಕ ಕಾರ್ಖಾನೆಗೆ ಹೋದ. ಹೋದವನು ಗೆಳೆಯನನ್ನು ಮರೆಯಲಿಲ್ಲ, ಅವನ ಹೆಸರನ್ನು ಮಾಲೀಕರ ಕಿವಿಗೆ ಹಾಕಿದ. 1911ರ ಜನವರಿಯಲ್ಲಿ ಬಾರ್ನಾಕ್ ವೆಟ್ಸ್ಲಾರ್‌ಗೆ ಬಂದಿಳಿದ. ಆಗ ಅವನಿಗೆ 31 ವರ್ಷ. ಲಾನ್ ನದಿಯ ದಂಡೆಯ ಊರು ಅದು. ಸೂಕ್ಷ್ಮದರ್ಶಕಗಳ ಮೇಲೆಯೇ ಕಾರ್ಖಾನೆ ನಡೆಯುತ್ತಿತ್ತು.

ಬಾರ್ನಾಕ್ ಕೈಗೆ ಅಲ್ಲಿ ಸಿಕ್ಕಿದ್ದು ಸಿನಿಮಾ ರೀಲು. 35 ಮಿಲಿಮೀಟರ್ ಅಗಲ, ಎರಡೂ ಅಂಚಿಗೆ ತೂತು, ಗಾಜಿನ ಫಲಕಕ್ಕಿಂತ ಎಷ್ಟೋ ನಯವಾದ ಲೇಪ, ಸುತ್ತಿಟ್ಟರೆ ಅಂಗೈಯಲ್ಲಿ ಹಿಡಿಯುವಷ್ಟೇ. ಅವನು ಸಿನಿಮಾ ತೆಗೆಯುವ ಲೋಹದ ಕ್ಯಾಮೆರಾ ಒಂದನ್ನು ತಾನೇ ಕಟ್ಟಿಕೊಂಡಿದ್ದ. ಬೆಳಕಿನ ಅಳತೆ ತಪ್ಪಿದರೆ ಉದ್ದಾನುದ್ದ ರೀಲು ಹಾಳಾಗುತ್ತಿತ್ತು. ತುಣುಕು ಫಿಲ್ಮಿನಲ್ಲಿ ಮೊದಲೇ ಪರೀಕ್ಷೆ ಮಾಡಿಕೊಳ್ಳಲೆಂದು ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿಕೊಂಡ, ಅದೇ ಕ್ಯಾಮೆರಾ ಆಯಿತು ಎಂದು ಹೇಳುವವರಿದ್ದಾರೆ. ಮೊದಲಿನಿಂದಲೂ ಅವನ ಮನಸ್ಸಿನಲ್ಲಿದ್ದುದು ಕಾಡುದಾರಿಯ ಕ್ಯಾಮೆರಾವೇ ಎನ್ನುವವರೂ ಇದ್ದಾರೆ. ಎರಡೂ ನಿಜವಿರಬಹುದು. ಬೆನ್ನು ನೋಯಿಸಿದ ಆ ಪೆಟ್ಟಿಗೆಯನ್ನು ಬಾರ್ನಾಕ್ ಅಷ್ಟು ಸುಲಭವಾಗಿ ಮರೆತಿರಲಾರ.

ಸಿನಿಮಾದ ಒಂದು ಚಿತ್ರ 18×24 ಮಿಲಿಮೀಟರ್. ಹಿಗ್ಗಿಸಿ ಕೈಯಲ್ಲಿ ಹಿಡಿದು ನೋಡುವ ಫೋಟೊಗೆ ಅದು ತೀರ ಚಿಕ್ಕದು. ಫಿಲ್ಮಿನ ಅಗಲವನ್ನು ಬದಲಿಸುವಂತಿಲ್ಲ, ಅದು ಮಾರುಕಟ್ಟೆಯಲ್ಲಿ ಸಿಗುವ ಸರಕು. ಇಲ್ಲಿ ಬಾರ್ನಾಕ್ ಮಾಡಿದ ಕೆಲಸ ತೀರ ಸರಳ, ಆದರೂ ಅದಕ್ಕೆ ಮೊದಲು ಯಾರೂ ಅದನ್ನೇ ನೆಚ್ಚಿಕೊಂಡು ಲೋಕವನ್ನು ಒಪ್ಪಿಸಿರಲಿಲ್ಲ. ಸಿನಿಮಾದಲ್ಲಿ ಮೇಲಿನಿಂದ ಕೆಳಕ್ಕೆ ಓಡುತ್ತಿದ್ದ ಫಿಲ್ಮನ್ನು ಅವನು ಅಡ್ಡ ಮಲಗಿಸಿದ. ಒಂದು ಚಿತ್ರಕ್ಕೆ ನಾಲ್ಕು ತೂತಿನ ಜಾಗದ ಬದಲು ಎಂಟು ತೂತಿನ ಜಾಗ ಕೊಟ್ಟ. ಹದಿನೆಂಟು ಎರಡರಷ್ಟಾಗಿ ಮೂವತ್ತಾರಾಯಿತು, ಇಪ್ಪತ್ನಾಲ್ಕು ಹಾಗೇ ಉಳಿಯಿತು. 24×36. ನೂರು ವರ್ಷ ದಾಟಿದರೂ ಫುಲ್ ಫ್ರೇಮ್ ಎಂದು ಕರೆಸಿಕೊಳ್ಳುತ್ತಿರುವ ಚೌಕಟ್ಟು ಹುಟ್ಟಿದ್ದು ಹೀಗೆ.

ಪೆಟ್ಟಿಗೆ ಸಿದ್ಧವಾಯಿತು, ಅದಕ್ಕೊಂದು ಕಣ್ಣು ಬೇಕಿತ್ತು. ಅಲ್ಲೇ ಎಡವಟ್ಟಾಯಿತು.

ಅವನು ಆರಿಸಿಕೊಂಡದ್ದು ಆ ಕಾಲದ ಅತಿ ಒಳ್ಳೆಯ ಸಿನಿಮಾ ಲೆನ್ಸುಗಳಲ್ಲೊಂದು, ಝೈಸ್ ಕಿನೋ-ಟೆಸ್ಸರ್. ತಾನು ಬಿಟ್ಟುಬಂದ ಕಾರ್ಖಾನೆಯದೇ ಮಾಲು. ಟೆಸ್ಸರ್ ಅನ್ನು ಪಾಲ್ ರುಡಾಲ್ಫ್ ರೂಪಿಸಿದ್ದು 1902ರಲ್ಲಿ, ಬಾರ್ನಾಕ್ ಯೇನಾ ಸೇರಿದ ವರ್ಷವೇ. ನಾಲ್ಕೇ ಗಾಜು, ಮೂರು ಗುಂಪು, ಕತ್ತರಿಸಿದಂಥ ಸ್ಪಷ್ಟ ಚಿತ್ರ. ಸಿನಿಮಾದವರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಂಥ ಲೆನ್ಸು ಬಾರ್ನಾಕ್‌ನ ಚೌಕಟ್ಟಿಗೆ ಸಾಲಲಿಲ್ಲ. ನಡುವೆ ಎಲ್ಲವೂ ಸರಿ, ಅಂಚಿಗೆ ಹೋದಂತೆ ಚಿತ್ರ ಕೈಬಿಟ್ಟಿತು. ಲೆನ್ಸಿನಲ್ಲಿ ದೋಷವಿರಲಿಲ್ಲ, ಬಾರ್ನಾಕ್‌ನ ಕೈಕೆಲಸದಲ್ಲೂ ಇರಲಿಲ್ಲ. 18×24ಕ್ಕೆಂದು ಲೆಕ್ಕ ಹಾಕಿದ ಗಾಜಿನ ಮುಂದೆ ಅದರ ಎರಡರಷ್ಟು ಫಿಲ್ಮು ಹರವಿಕೊಂಡಿತ್ತು. ಸಣ್ಣ ಚೌಕಟ್ಟಿನ ಲೆನ್ಸನ್ನು ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಸಿಕ್ಕಿಸಿ ಮೂಲೆಗಳಲ್ಲಿ ಸೋತ ಮೊದಲಿಗರ ಸಾಲಿನಲ್ಲಿ ಆ ಚೌಕಟ್ಟಿನ ಜನಕನೇ ಇದ್ದ.

ದೊಡ್ಡ ಗಾಜಿನ ಕಾಲದಲ್ಲಾಗಿದ್ದರೆ ಇದನ್ನು ಹೇಗೋ ಸಹಿಸಬಹುದಿತ್ತು. ಆಗ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಸಾಮಾನ್ಯವಾಗಿ ಅಷ್ಟೇ. ಬಾರ್ನಾಕ್‌ನ ದಾರಿ ಬೇರೆ. ಪುಟ್ಟ ನೆಗೆಟಿವ್, ದೊಡ್ಡ ಚಿತ್ರ ಎನ್ನುವುದೇ ಅವನ ಪಂಥ. ಪೋಸ್ಟ್‌ಕಾರ್ಡಿನಷ್ಟು ಮಾಡಬೇಕಾದರೂ ಚಿತ್ರ ನಾಲ್ಕು ಪಟ್ಟು ಹಿಗ್ಗಬೇಕು, ಅದರ ಜೊತೆಗೆ ಪ್ರತಿ ಕೊರತೆಯೂ ನಾಲ್ಕು ಪಟ್ಟು ಹಿಗ್ಗುತ್ತದೆ. ಮೂಲೆಗಳನ್ನು ಕತ್ತರಿಸಿ ಬಿಸಾಡಿದರೆ ಸಿನಿಮಾದ ಚೌಕಟ್ಟಿಗೇ ಮರಳಿದಂತೆ. ಮತ್ತೆ ಅದೇ ಕಣಗಳು.

ಹೊಸ ಲೆನ್ಸಿಗೆ ಅವನು ದೂರ ಹುಡುಕಬೇಕಾಗಲಿಲ್ಲ. ಲೈಟ್ಸ್ ಕಾರ್ಖಾನೆಯ ಕಪಾಟಿನಲ್ಲೇ ಮೈಕ್ರೋ-ಝುಮ್ಮಾರ್ ಎಂಬ 42 ಮಿಲಿಮೀಟರ್ ಸಂಗಮದೂರದ ಲೆನ್ಸಿತ್ತು. ಸಣ್ಣ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯಲು ಮಾಡಿದ್ದು. ಗುಡ್ಡ, ಬೀದಿ, ಮನುಷ್ಯರ ಮುಖ ಅದರ ಕೆಲಸವಲ್ಲ. ಆದರೂ ಅದು ಚೌಕಟ್ಟನ್ನು ತುಂಬಿತು. 1914ರ ಮಾರ್ಚ್ ಹೊತ್ತಿಗೆ, ಸಿನಿಮಾ ಫಿಲ್ಮಿನ ಲಿಲ್ಲಿಪುಟ್ ಕ್ಯಾಮೆರಾ ಮುಗಿಯಿತೆಂದು ಬಾರ್ನಾಕ್‌ನ ಕಾರ್ಯಾಗಾರದ ಪುಸ್ತಕದಲ್ಲಿ ಬರೆದಾಗಿತ್ತು.

ಆ ಪುಟ್ಟ ಕ್ಯಾಮೆರಾ ಕೋಟಿನ ಜೇಬಿನಲ್ಲಿ ಊರೆಲ್ಲ ಸುತ್ತಿತು. ಅದೇ ವರ್ಷ ಮಾಲೀಕರ ಮಗ ಎರಡನೆಯ ಎರ್ನ್ಸ್ಟ್ ಲೈಟ್ಸ್ ಅಂಥದೊಂದನ್ನು ನ್ಯೂಯಾರ್ಕಿಗೂ ಒಯ್ದ. ಆಗಸ್ಟಿನಲ್ಲಿ ಯುದ್ಧ ಬಂತು. ವೆಟ್ಸ್ಲಾರ್ ಬೀದಿಯಲ್ಲಿ ಸೇನೆ ಸೇರುವ ಆಜ್ಞೆಯನ್ನು ಅಂಟಿಸಿದ ಸೈನಿಕನ ಚಿತ್ರ ಬಾರ್ನಾಕ್‌ನ ಫಿಲ್ಮಿನಲ್ಲಿ ಉಳಿಯಿತು. ಕ್ಯಾಮೆರಾದ ಕೆಲಸ ಮಾತ್ರ ವರ್ಷಗಟ್ಟಲೆ ಮೂಲೆ ಸೇರಿತು. 1920ರಲ್ಲಿ ಲಾನ್ ನದಿ ಉಕ್ಕಿ ಊರಿಗೆ ನುಗ್ಗಿದಾಗ ಅವನು ಮತ್ತೆ ಅದನ್ನು ಹಿಡಿದು ನೀರು ತುಂಬಿದ ಬೀದಿಗಳ ಸಾಲು ಚಿತ್ರ ತೆಗೆದ. ಮುಕ್ಕಾಲಿಯಿಲ್ಲದೆ, ನಡೆಯುತ್ತ, ಒಂದರ ಹಿಂದೆ ಒಂದು. ಗಾಜಿನ ಫಲಕದ ಕ್ಯಾಮೆರಾ ಹಿಡಿದವನಿಗೆ ಅದು ಆಗದ ಮಾತು.

ಆದರೂ ಎರವಲು ಲೆನ್ಸು ಎರವಲು ಲೆನ್ಸೇ. ದೊಡ್ಡದಾಗಿ ಹಿಗ್ಗಿಸಿದಾಗ ಬೇಕಾದ ಸೂಕ್ಷ್ಮತೆ ಅದರಲ್ಲಿರಲಿಲ್ಲ. ಈ ಚೌಕಟ್ಟಿಗೆ ಇದರದೇ ಲೆನ್ಸು ಬೇಕಿತ್ತು. ಆ ಹೊಣೆ ಬಿದ್ದದ್ದು ಮ್ಯಾಕ್ಸ್ ಬೆರೆಕ್ ಮೇಲೆ. 1912ರಲ್ಲಿ ಕಾರ್ಖಾನೆ ಸೇರಿದ ಬೆರೆಕ್ ಸೂಕ್ಷ್ಮದರ್ಶಕದ ಪಂಡಿತ, ಹರಳುಗಳ ಮೂಲಕ ಹಾಯುವ ಬೆಳಕಿನ ಬೆನ್ನು ಹತ್ತಿದವನು. ಫೋಟೊ ಲೆನ್ಸು ಅವನ ಹೊಲವಲ್ಲ.

ಇಂದು ಕಂಪ್ಯೂಟರ್ ಕ್ಷಣದಲ್ಲಿ ಮಾಡುವ ಕೆಲಸ ಆಗ ಲಾಗರಿದಮ್ ಕೋಷ್ಟಕಗಳ ಮುಂದೆ ಕೂತು ಮಾಡುವಂಥದು. ಒಂದು ಕಿರಣ ಮೊದಲ ಗಾಜಿನ ಮುಖಕ್ಕೆ ಬಡಿದು ಎಷ್ಟು ಬಾಗಿತು, ಅಲ್ಲಿಂದ ಹೊರಟು ಎರಡನೆಯ ಮುಖಕ್ಕೆ ಎಲ್ಲಿ ತಾಗಿತು, ಹೀಗೆ ಕೊನೆಯವರೆಗೂ ಕೈಯಲ್ಲೇ ಲೆಕ್ಕ. ಆಮೇಲೆ ಇನ್ನೊಂದು ಕಿರಣ. ನಡುವಿನ ಕಿರಣಗಳು ಹೇಳಿದ ಮಾತು ಕೇಳುತ್ತವೆ, ಮೂಲೆಯ ಕಡೆ ಓರೆಯಾಗಿ ಹೊರಟವು ಕೇಳುವುದಿಲ್ಲ. ಒಂದು ಗಾಜಿನ ಬಾಗು ತಿದ್ದಿದರೆ ಇನ್ನೊಂದು ಕಡೆ ಕೆಟ್ಟಿತು. ಸಾಲು ಸಾಲು ಅಂಕಿಗಳ ಈ ಕೆಲಸದ ಬಗ್ಗೆ ಕತೆ ಕಟ್ಟುವವರು ಕಡಿಮೆ, ಆದರೆ ಈ ಕ್ಯಾಮೆರಾದ ಹೆಸರು ಉಳಿದದ್ದರಲ್ಲಿ ಬಾರ್ನಾಕ್‌ನ ಕೈಯಷ್ಟೇ ಪಾಲು ಈ ಅಂಕಿಗಳದ್ದೂ ಹೌದು.

ಬೆರೆಕ್ 1893ರ ಕುಕ್ ಟ್ರಿಪ್ಲೆಟ್ ಎಂಬ ಮೂರು ಗಾಜಿನ ಇಂಗ್ಲಿಷ್ ವಿನ್ಯಾಸದಿಂದ ಹೊರಟ. ಮೂರನೆಯ ಗಾಜಿನ ಜಾಗದಲ್ಲಿ ಮೂರನ್ನು ಅಂಟಿಸಿ ಒಟ್ಟು ಐದು ಗಾಜಿನ ಲೆನ್ಸು ಕಟ್ಟಿದ. ಬೆಳಕು ಹತೋಟಿ ಮಾಡುವ ಅಪರ್ಚರನ್ನು ಮೊದಲ ಮತ್ತು ಎರಡನೆಯ ಗಾಜಿನ ನಡುವೆ ಇಟ್ಟ. 50 ಮಿಲಿಮೀಟರ್, ಅಪರ್ಚರ್ ಎಫ್ 3.5. ಈ ಬಾರಿ ಬೆಳಕು ನಾಲ್ಕೂ ಮೂಲೆ ಮುಟ್ಟಿತು, ಮುಟ್ಟಿದ ಮೇಲೂ ಚಿತ್ರ ಚಿತ್ರವಾಗಿಯೇ ಉಳಿಯಿತು.

1923ರಲ್ಲಿ ಪರೀಕ್ಷೆಗೆಂದು ಕೆಲವೇ ಕ್ಯಾಮೆರಾಗಳನ್ನು ಮಾಡಿ ಬಲ್ಲವರ ಕೈಗೆ ಕೊಟ್ಟರು. ಹೊಗಳಿಕೆ, ಅನುಮಾನ ಎರಡೂ ಬಂದವು. ಅವುಗಳ ಶಟರ್ ಬಿಗಿಯುವಾಗ ಪರದೆಯ ಸೀಳು ತೆರೆದೇ ಇರುತ್ತಿತ್ತು. ಪ್ರತಿ ಸಲವೂ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಫಿಲ್ಮು ಹಾಳು. ಹೊರಗೆ ದೇಶದ ದುಡ್ಡಿಗೆ ಬೆಲೆಯೇ ಇರಲಿಲ್ಲ, ಬ್ರೆಡ್ಡಿನ ದರ ದಿನ ದಿನಕ್ಕೆ ಬದಲಾಗುತ್ತಿತ್ತು. ಅಂಗೈಯಗಲದ ದುಬಾರಿ ಕ್ಯಾಮೆರಾವನ್ನು ಕೊಳ್ಳುವವರು ಯಾರು? 1924ರ ಜೂನಿನಲ್ಲಿ ಗಂಟೆಗಟ್ಟಲೆ ಸಭೆ ನಡೆಯಿತು. ಬೇಡವೆನ್ನುವ ದನಿಗಳೇ ಜೋರಾಗಿದ್ದವು. ಎಲ್ಲರ ಮಾತು ಮುಗಿದ ಮೇಲೆ ಎರಡನೆಯ ಎರ್ನ್ಸ್ಟ್ ಲೈಟ್ಸ್ ಎದ್ದು ನಿಂತು, ಈ ಅಪಾಯಕ್ಕೆ ಕೈ ಹಾಕುವುದೇ ತನ್ನ ತೀರ್ಮಾನ ಎಂದ. ತನ್ನ ಕೆಲಸಗಾರರಿಗೆ ಕೆಲಸ ಬೇಕೆನ್ನುವ ಚಿಂತೆಯೂ ಅವನಿಗಿತ್ತು.

1925ರ ವಸಂತದ ಲೈಪ್‌ಜಿಗ್ ಮೇಳದಲ್ಲಿ ಕ್ಯಾಮೆರಾ ಜನರೆದುರು ಬಂತು. ಲೈಟ್ಸ್ ಕ್ಯಾಮೆರಾ ಎಂಬುದು ಲೈಕಾ ಆಯಿತು. ಲೆನ್ಸಿಗೆ ಎಲ್ಮ್ಯಾಕ್ಸ್ ಎಂದು ಹೆಸರಿಟ್ಟರು, ಅದರಲ್ಲಿ ಎರ್ನ್ಸ್ಟ್ ಲೈಟ್ಸೂ ಮ್ಯಾಕ್ಸ್ ಬೆರೆಕ್ಕೂ ಒಟ್ಟಿಗೆ ಇದ್ದರು. ಐದು ಗಾಜಿನ ಖರ್ಚು ಇಳಿಸಲು ಬೆರೆಕ್ ಹಿಂದಿನ ಗುಂಪಿನಲ್ಲಿ ಒಂದನ್ನು ಬಿಡಿಸಿ ನಾಲ್ಕಕ್ಕೆ ತಂದ. ಅದೇ ಎಲ್ಮಾರ್. ಆಮೇಲೆ ಬಂದ ಲೆನ್ಸುಗಳಿಗೆ ಬೆರೆಕ್‌ನ ನಾಯಿ ಹೆಕ್ಟರ್‌ನ ಹೆಸರೂ ಸಿಕ್ಕಿತು.

ಎಲ್ಮಾರ್‌ನ ಗಾಜುಗಳನ್ನು ಎಣಿಸಿದರೆ ಅಚ್ಚರಿಯಾಗುತ್ತದೆ. ನಾಲ್ಕು ಗಾಜು, ಮೂರು ಗುಂಪು, ಹಿಂದೆ ಅಂಟಿಸಿದ ಜೋಡಿ. ಅಪರ್ಚರಿನ ಜಾಗ ಬಿಟ್ಟರೆ ಬಾರ್ನಾಕ್‌ಗೆ ಸಾಲದೆ ಹೋದ ಟೆಸ್ಸರ್‌ನ ಮೈಕಟ್ಟೇ. ಟೆಸ್ಸರ್ ಬಗೆಯ ಲೆನ್ಸು ಆ ಚೌಕಟ್ಟಿಗೆ ಆಗದೆಂದಿರಲಿಲ್ಲ. ಸಿನಿಮಾಕ್ಕೆಂದು ಕಟ್ಟಿದ ಆ ಒಂದರ ಲೆಕ್ಕ ಚಿಕ್ಕ ಚೌಕಟ್ಟಿಗೆ ನಿಂತಿತ್ತು.

ಮುಕ್ಕಾಲು ಶತಮಾನ ಕಳೆದ ಮೇಲೆ ಇದೇ ಆಟ ಮತ್ತೆ ನಡೆಯಿತು. 1999ರಲ್ಲಿ ಬಂದ ನಿಕಾನ್ ಡಿ1 ಡಿಜಿಟಲ್ ಕ್ಯಾಮೆರಾದ ಸೆನ್ಸರ್ 23.7×15.6 ಮಿಲಿಮೀಟರ್. ಸಿನಿಮಾದ ಹಳೆಯ ಚೌಕಟ್ಟಿಗೆ ತೀರ ಹತ್ತಿರ. ಆ ಅಳತೆಗೆಂದೇ 2003ರಲ್ಲಿ 12-24 ಮಿಲಿಮೀಟರ್ ಡಿಎಕ್ಸ್ ಜೂಮ್ ಲೆನ್ಸು ಬಂತು. 2007ರಲ್ಲಿ ಅದೇ ಕಂಪನಿ 24×36ರ ಅಳತೆಗೆ ಮರಳಿ ಡಿ3 ತಂದಿತು. ಲೆನ್ಸು ಕೂರಿಸುವ ಮೌಂಟ್ ಒಂದೇ ಆದ್ದರಿಂದ ಹಳೆಯ ಡಿಎಕ್ಸ್ ಲೆನ್ಸು ಅದಕ್ಕೂ ಕೂರುತ್ತಿತ್ತು. ಕೂತ ಕೂಡಲೇ ಕ್ಯಾಮೆರಾ ಅದನ್ನು ಗುರುತಿಸಿ ಚಿತ್ರದ ಅಂಚನ್ನು ತಾನೇ ಕತ್ತರಿಸುತ್ತಿತ್ತು, 12.1 ಮೆಗಾಪಿಕ್ಸೆಲ್ 5.1ಕ್ಕೆ ಇಳಿಯುತ್ತಿತ್ತು. ಫೋಟೊಗ್ರಾಫರುಗಳಿಗೂ ಬಾರ್ನಾಕ್‌ನಂಥದೇ ಹಟ. ಆ ಸ್ವಯಂಕತ್ತರಿಯನ್ನು ನಿಲ್ಲಿಸಿ ಇಡೀ ಸೆನ್ಸರಿನಲ್ಲಿ ಏನು ಬೀಳುತ್ತದೆ ನೋಡೋಣ ಎಂದು ಹೊರಟರು. 12 ಮಿಲಿಮೀಟರಿನಲ್ಲಿ ಮೂಲೆಗಳು ಕಪ್ಪಾಗಿದ್ದವು. ಜೂಮ್ ಉಂಗುರ ತಿರುಗಿಸಿದಂತೆ ಕಪ್ಪು ಹಿಂಜರಿಯಿತು. 18ರ ಹತ್ತಿರ ಬರುವಷ್ಟರಲ್ಲಿ ಚೌಕಟ್ಟು ತುಂಬಿಬಿಟ್ಟಿತು!

ಕಾರಣ ಇಷ್ಟೇ. ಲೆನ್ಸು ಆಯತವನ್ನು ಬಿಡಿಸುವುದಿಲ್ಲ, ಬೆಳಕಿನ ವೃತ್ತವೊಂದನ್ನು ಎರಚುತ್ತದೆ. ಚೌಕ ಮಣೆಯ ಮೇಲೆ ತಟ್ಟಿದ ದುಂಡು ರೊಟ್ಟಿ ಚಿಕ್ಕದಾದರೆ ಮಣೆಯ ನಾಲ್ಕು ಮೂಲೆ ಬರಿದಾಗುವಂತೆ, ವೃತ್ತ ಚಿಕ್ಕದಾದರೆ ಚಿತ್ರದ ಮೂಲೆ ಕಪ್ಪಾಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಚೌಕಟ್ಟಿನ ಕರ್ಣ. ಸಿನಿಮಾ ಚೌಕಟ್ಟಿನದು 30 ಮಿಲಿಮೀಟರ್, ಡಿ1 ಸೆನ್ಸರಿನದು ಸುಮಾರು 28.4, ಫುಲ್ ಫ್ರೇಮಿನದು 43.3. ವೃತ್ತದ ಒಳಗೇ ಇನ್ನೊಂದು ವೃತ್ತವೂ ಇರುತ್ತದೆ. ಹೊರವೃತ್ತದ ತನಕ ಬೆಳಕು ತಲುಪುತ್ತದೆ, ಒಳವೃತ್ತದ ತನಕ ಮಾತ್ರ ಚಿತ್ರ ಸ್ಪಷ್ಟ. ಲೆನ್ಸು ಹಗುರಾಗಲಿ, ಅಗ್ಗವಾಗಲಿ ಎಂದು ರೂಪಿಸುವವರು ಎರಡನ್ನೂ ಬೇಕಾದಷ್ಟಕ್ಕೇ ನಿಲ್ಲಿಸುತ್ತಾರೆ. 12 ಮಿಲಿಮೀಟರಿನಲ್ಲಿ 28.4ರ ಕರ್ಣ ತುಂಬಲು ಲೆನ್ಸು ಸುಮಾರು 100 ಡಿಗ್ರಿ ಅಗಲದ ನೋಟವನ್ನು ಒಳಗೆ ಬಿಡಬೇಕು. 18 ಮಿಲಿಮೀಟರಿನಲ್ಲಿ 43.3ರ ಕರ್ಣ ತುಂಬಲೂ ಬೇಕಾದದ್ದು ಅದೇ 100 ಡಿಗ್ರಿ. ಜೂಮ್ ತಿರುಗಿಸಿದಾಗ ಲೆನ್ಸಿನ ಬಾಯಿ ಹಿಗ್ಗಲಿಲ್ಲ, ಅಷ್ಟೇ ನೋಟ ಒಂದೂವರೆ ಪಟ್ಟು ದೊಡ್ಡ ವೃತ್ತವಾಗಿ ಹರಡಿತು. ಹಾಗೆ ಹರಡಿದ ವೃತ್ತದ ಅಂಚು ಸ್ವಲ್ಪ ಮಸುಕಾಗಿರುತ್ತದೆ. ಮುಖವನ್ನು ನಡುವೆ ಇಟ್ಟು ತೆಗೆಯುವವರಿಗೆ ಅದು ತೊಡಕಲ್ಲ, ಕಟ್ಟಡದ ಗೋಡೆಯ ಮೂಲೆ ಮೂಲೆಯೂ ಬೇಕೆನ್ನುವವರು ಇಂದಿಗೂ ಫುಲ್ ಫ್ರೇಮಿನದೇ ಲೆನ್ಸು ಕೊಳ್ಳುತ್ತಾರೆ.