ಬಾಗಿಲಿಗೆ ಕಾವಲು ಕಟ್ಟುವ ಕಸುಬು

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಬೆಂಗಳೂರಿನ ಹನುಮಂತನಗರ, ಶ್ರೀನಗರ, ಗವಿಪುರದ ಮನೆಗಳಿಗೆ ಬ್ಯಾಂಕ್ ಲಾಕರಿನಿಂದ ಒಡವೆ ಬರುತ್ತದೆ. ಬೆಳ್ಳಿ ಕಲಶ, ದೇವಿಯ ಮುಖವಾಡ, ಅಜ್ಜಿಯ ಕಾಲದ ಅವಲಕ್ಕಿ ಸರ, ಎಲ್ಲವೂ ಮೂರು ನಾಲ್ಕು ದಿನ ಮನೆಯಲ್ಲೇ. ಶುಕ್ರವಾರದ ಪೂಜೆ ಮುಗಿದು ಮತ್ತೆ ಬ್ಯಾಂಕ್ ತೆರೆಯುವ ತನಕ ಹಿರಿಯರಿಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಇಂಥ ದಿನಗಳಲ್ಲಿ ಈ ಬಡಾವಣೆಗಳಲ್ಲಿ ಕೈತುಂಬ ಕೆಲಸವಿರುವುದು ಅಲಾರ್ಮ್, ಕ್ಯಾಮೆರಾ ಹಾಕುವವರಿಗೆ.

ಇವರಲ್ಲಿ ಅನೇಕರಿಗೆ ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಒಂದು ಬೈಕು, ಬೆನ್ನಿಗೊಂದು ಬ್ಯಾಗು, ಅದರಲ್ಲಿ ಹ್ಯಾಮರ್ ಡ್ರಿಲ್, ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಸ್ಕ್ರೂ, ರಾಲ್ ಪ್ಲಗ್. ಏಣಿಯನ್ನು ಗಿರಾಕಿಯ ಮನೆಯಲ್ಲೇ ಕೇಳಿ ಪಡೆಯುತ್ತಾರೆ. ಒಂದು ಮನೆಯ ಕೆಲಸ ಚೆನ್ನಾಗಿ ಆದರೆ ಅದೇ ಕ್ರಾಸಿನಲ್ಲಿ ಇನ್ನೆರಡು ಮನೆ ಸಿಗುತ್ತವೆ. ರಾಮಾಂಜನೇಯ ಗುಡ್ಡದ ಸುತ್ತಲಿನ ಹಳೆಯ ಮನೆಗಳು ಒತ್ತೊತ್ತಾಗಿ ನಿಂತಿವೆ. ಒಂದು ತಾರಸಿಯಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡ್‌ನಲ್ಲೋ ಇದ್ದು, ಮನೆಯಲ್ಲಿ ಇಬ್ಬರೇ ವೃದ್ಧರಿರುವ ಸಂಸಾರಗಳೂ ಇಲ್ಲಿ ಕಡಿಮೆಯಲ್ಲ. ಇವರಿಗೆ ಬೇಕಾದದ್ದು ದೊಡ್ಡ ಕಂಪನಿಯ ಕಾಲ್ ಸೆಂಟರ್ ಅಲ್ಲ, ಕರೆದರೆ ಅರ್ಧ ಗಂಟೆಯಲ್ಲಿ ಬರುವ ಗುರುತಿನ ಹುಡುಗ.

ಈ ಕಸುಬಿನ ಬಗ್ಗೆ ಜನರಲ್ಲಿರುವ ತಪ್ಪು ತಿಳಿವಳಿಕೆಯೊಂದನ್ನು ಮೊದಲೇ ಹೇಳಬೇಕು. ಭದ್ರತೆ ಎಂದರೆ ಕ್ಯಾಮೆರಾ ಎಂದೇ ಎಲ್ಲರೂ ಎಣಿಸಿದ್ದಾರೆ. ಆದರೆ ಕ್ಯಾಮೆರಾ ಸಾಕ್ಷಿ ಹೇಳುವುದು ಕಳ್ಳತನ ಆದ ಮೇಲೆ. ಆಗುತ್ತಿರುವಾಗಲೇ ಕೂಗುವುದು ಅಲಾರ್ಮ್. 2013ರ ನವೆಂಬರ್‌ನಲ್ಲಿ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ನಡೆದ ಹಲ್ಲೆಯ ದೃಶ್ಯವನ್ನು ಇಡೀ ದೇಶ ನೋಡಿತು. ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತ್ತು. ಆರೋಪಿ ಸಿಕ್ಕಿದ್ದು 2017ರಲ್ಲಿ. ಕೆಲಸ ಬಲ್ಲವರು ಮನೆಯವರಿಗೆ ಮೊದಲು ಬಾಗಿಲು, ಕಿಟಕಿಗಳಿಗೆ ಸೆನ್ಸರ್ ಹಾಕಿಸಿ, ಉಳಿದ ಹಣದಲ್ಲಿ ಕ್ಯಾಮೆರಾ ನೋಡೋಣ ಎನ್ನುತ್ತಾರೆ. ಕ್ಯಾಮೆರಾದಲ್ಲೇ ಲಾಭ ಹೆಚ್ಚಿದ್ದರೂ ಹೀಗೆ ಹೇಳುವವರನ್ನು ನಾನು ಗೌರವಿಸುತ್ತೇನೆ.

ಬಾಗಿಲಿನ ಸೆನ್ಸರ್ ನೋಡಲು ಏನೂ ಅಲ್ಲ, ಬೆರಳುದ್ದದ ಎರಡು ಬಿಳಿ ತುಂಡು. ಒಂದರಲ್ಲಿ ಆಯಸ್ಕಾಂತ, ಇನ್ನೊಂದರಲ್ಲಿ ಸಣ್ಣ ಗಾಜಿನ ಕೊಳವೆ. ಕೊಳವೆಯೊಳಗೆ ಎರಡು ತೆಳು ಲೋಹದ ಎಳೆಗಳು. ಆಯಸ್ಕಾಂತ ಹತ್ತಿರವಿದ್ದಾಗ ಅವು ಒಂದಕ್ಕೊಂದು ತಾಗಿರುತ್ತವೆ, ಬಾಗಿಲು ತೆರೆದರೆ ಬಿಟ್ಟುಕೊಳ್ಳುತ್ತವೆ. ರೀಡ್ ಸ್ವಿಚ್ ಎಂಬ ಇದನ್ನು 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ ಕಂಡುಹಿಡಿದರು. ಇಷ್ಟು ಸರಳ ಸಾಮಾನನ್ನು ಕೂಡಿಸುವುದರಲ್ಲೇ ಕೈಚಳಕ ಕಾಣುವುದು. ಹಳೆಯ ತೇಗದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎರಡು ತುಂಡಿನ ನಡುವೆ ಅಂತರ ಹೆಚ್ಚಿಟ್ಟರೆ ಗಾಳಿಗೆ ಬಾಗಿಲು ಅಲುಗಿದರೂ ಸೈರನ್ ಹೊಡೆದುಕೊಳ್ಳುತ್ತದೆ. ಅನುಭವಿ ಕೆಲಸಗಾರ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿ, ಚಿಲಕ ಹಾಕಿದ ಮೇಲೂ ಎಷ್ಟು ಸಡಿಲವಿದೆ ಎಂದು ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ. ಆಮೇಲೆ ಡ್ರಿಲ್. "ಬಾಗಿಲು ನಮ್ಮ ಮಾವನವರ ಕಾಲದ್ದಪ್ಪಾ, ಜೋಪಾನ" ಎಂದು ಮನೆಯೊಡತಿ ಹೇಳಿದರೆ, ಕಾಣದ ಕಡೆ, ಚೌಕಟ್ಟಿನ ಮೇಲಂಚಿನ ಒಳಮೂಲೆಯಲ್ಲಿ ಕೂರಿಸಿ ತಂತಿಯನ್ನು ಮರದ ಪಟ್ಟಿಯ ಹಿಂದೆ ಎಳೆಯುತ್ತಾನೆ.

ತಂತಿಯನ್ನೇ ಕತ್ತರಿಸಿದರೆ? ಅದಕ್ಕೂ ಉಪಾಯವಿದೆ. ಸಾಲಿನ ಕೊನೆಯಲ್ಲಿ, ಸೆನ್ಸರಿನ ಹತ್ತಿರ ಒಂದು ಚಿಕ್ಕ ರೆಸಿಸ್ಟರ್ ಕೂರಿಸುತ್ತಾರೆ. ಅಲಾರ್ಮಿನ ನಿಯಂತ್ರಣ ಪೆಟ್ಟಿಗೆಯಾದ ಪ್ಯಾನೆಲ್ ಆ ಪ್ರತಿರೋಧವನ್ನು ಸದಾ ಅಳೆಯುತ್ತಿರುತ್ತದೆ. ತಂತಿ ಕತ್ತರಿಸಿದರೂ, ಅದರ ಎರಡೂ ಎಳೆಗಳನ್ನು ಕೂಡಿಸಿಟ್ಟರೂ ಅಳತೆ ಬದಲಾಗಿ ಸೈರನ್ ಕೂಗುತ್ತದೆ. ಅವಸರದವರು ಈ ರೆಸಿಸ್ಟರನ್ನು ಪ್ಯಾನೆಲ್ ಪೆಟ್ಟಿಗೆಯೊಳಗೇ ಸಿಕ್ಕಿಸಿ ಎದ್ದು ಹೋಗುತ್ತಾರೆ. ಆಗ ದಾರಿಯಲ್ಲಿ ಎಳೆಗಳನ್ನು ಕೂಡಿಸಿಟ್ಟರೆ ಪ್ಯಾನೆಲ್‌ಗೆ ಗೊತ್ತೇ ಆಗುವುದಿಲ್ಲ. ಇದು ಮೋಸಕ್ಕೆ ಸಮ ಎಂದೇ ನನ್ನ ಅಭಿಪ್ರಾಯ.

ಕೋಣೆಯೊಳಗಿನ ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ಇನ್ನೂ ಸೂಕ್ಷ್ಮ. ಮೈಶಾಖದಿಂದ ಹೊಮ್ಮುವ ಅವಗೆಂಪು ಕಿರಣ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿದಾಗ ಅದು ಗುರುತಿಸುತ್ತದೆ. ಹಾಗಾಗಿ ಎದುರಿನಿಂದ ನೇರವಾಗಿ ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಹಿಡಿಯುತ್ತದೆ. ಅದನ್ನು ಏಳು ಏಳೂವರೆ ಅಡಿ ಎತ್ತರದಲ್ಲಿ, ಮೂಲೆಯಲ್ಲಿ, ಬಿಸಿಲು ಬೀಳುವ ಕಿಟಕಿಗೆ ಮುಖ ಮಾಡದಂತೆ ಹಾಕಬೇಕು. ನಮ್ಮ ಮನೆಗಳಲ್ಲಿ ಇದರ ದೊಡ್ಡ ಶತ್ರು ಹಲ್ಲಿ. ಅದು ಸೆನ್ಸರಿನ ಮುಸುಡಿಯ ಮೇಲೆಯೇ ಹರಿದಾಡಿದರೆ ನಡುರಾತ್ರಿ ಇಡೀ ಕ್ರಾಸು ಎದ್ದು ಕೂರುತ್ತದೆ. ಎರಡು ಸಲ ಹೀಗಾದರೆ ಮನೆಯವರು ಸ್ವಿಚ್ ಆರಿಸಿ ಮಲಗುತ್ತಾರೆ. ಅಲ್ಲಿಗೆ ಹಾಕಿಸಿದ್ದೆಲ್ಲ ವ್ಯರ್ಥ.

ಸಾಮಾನಿಗೆ ಎಲ್ಲರೂ ಹೋಗುವುದು ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಸ್‌.ಪಿ. ರೋಡಿಗೆ. ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್, ತ್ರೀ ಪ್ಲಸ್ ಒನ್ ಕೇಬಲ್, ಬಿಎನ್‌ಸಿ ಕನೆಕ್ಟರ್, ಹೂಟರ್, ಎಲ್ಲ ಅಲ್ಲಿ ಸಗಟು ದರಕ್ಕೆ ಸಿಗುತ್ತವೆ. ಆದರೆ ಅಗ್ಗದ್ದನ್ನೆಲ್ಲ ತರುವ ಕಾಲ ಹೋಯಿತು. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆಯನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದೆ. ಕಾರಣವಿಲ್ಲದೆ ಮಾಡಿದ್ದಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಕೆಡವಿತ್ತು.

ಲೆಕ್ಕವೂ ಗೊತ್ತಿರಬೇಕು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬುತ್ತದೆ. ಮನೆಗಾದರೆ ಸಾಕು. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಮ್ಮೆಗೆ 100 ಅಥವಾ ದಿನಕ್ಕೆ 500 ಮಂದಿ ಸೇರುವ ಆಸ್ಪತ್ರೆ, ಶಾಲೆ, ದೇವಸ್ಥಾನ, ವಾಣಿಜ್ಯ ಸಂಕೀರ್ಣಗಳು ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಉಳಿಸಿಕೊಳ್ಳಬೇಕು. ಅಲ್ಲಿ ಈ 1 ಟಿಬಿ ಎಲ್ಲಿಗೂ ಸಾಲದು. ಬಸವನಗುಡಿ, ಹನುಮಂತನಗರದಷ್ಟು ದೇವಸ್ಥಾನ, ವಿದ್ಯಾಸಂಸ್ಥೆಗಳಿರುವ ಕಡೆ ಈ ಕಾಯ್ದೆಯಿಂದ ಕೆಲಸಕ್ಕೇನೂ ಬರವಿಲ್ಲ.

ಕಲಿಯುವುದೆಲ್ಲಿ? ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಓದಿದವರಿಗೆ ದಾರಿ ಸುಲಭ. ನಮ್ಮದೇ ನೆಲದಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ಶುರುವಾದ ರುಡ್‌ಸೆಟ್ ಸಂಸ್ಥೆ. ಇದೇ ಮಾದರಿಯನ್ನು ಮುಂದೆ ಕೇಂದ್ರ ಸರ್ಕಾರ ಆರ್‌ಸೆಟಿ ಎಂಬ ಹೆಸರಲ್ಲಿ ದೇಶದ ಜಿಲ್ಲೆಗಳಿಗೆ ಹಬ್ಬಿಸಿತು. ಇಲ್ಲಿನ ತರಬೇತಿಗಳಲ್ಲಿ ಸಿಸಿಟಿವಿ, ಸೆಕ್ಯುರಿಟಿ ಅಲಾರ್ಮ್, ಹೊಗೆ ಪತ್ತೆ ಸಾಧನಗಳ ಅಳವಡಿಕೆ ಮತ್ತು ದುರಸ್ತಿ ಎಂಬ 13 ದಿನದ ಕೋರ್ಸೂ ಒಂದು. ಊಟ ವಸತಿ ಸಮೇತ ಉಚಿತ. ಗ್ರಾಮೀಣ ಯುವಕ ಯುವತಿಯರಿಗೆ ಆದ್ಯತೆ. ಬೆಂಗಳೂರಿಗೆ ಹತ್ತಿರದ ರುಡ್‌ಸೆಟ್ ಸಂಸ್ಥೆ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಿಸುತ್ತಾರೆ ಎಂಬುದು ಅದರ ಹೆಚ್ಚುಗಾರಿಕೆ. ಆದರೂ 13 ದಿನದಲ್ಲಿ ಕೈ ಪಳಗುವುದಿಲ್ಲ. ಅನುಭವಿಯೊಬ್ಬರ ಜೊತೆ ಒಂದು ವರ್ಷ ಏಣಿ ಹಿಡಿದು ಓಡಾಡಿದವರೇ ಆಮೇಲೆ ಒಬ್ಬಂಟಿಯಾಗಿ ನಿಲ್ಲಬಲ್ಲರು.

ಬಂಡವಾಳ ದೊಡ್ಡದು ಬೇಡ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ, ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಬೆಳೆದಂತೆ ಜಿಎಸ್‌ಟಿ ಮಿತಿಯ ಮೇಲೆ ಕಣ್ಣಿರಬೇಕು. ಸೇವೆಗೆ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ.

ಹೊಸಬರು ಎಡವುವುದು ಹಾಕಿದ ಮೇಲಿನ ಕೆಲಸದಲ್ಲಿ. ಪ್ಯಾನೆಲ್ ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಆಮೇಲೆ ಕರೆಂಟ್ ಹೋದರೆ ಅಲಾರ್ಮೂ ಹೋಯಿತು. ಸೈರನ್ ಕೂಗಿದಾಗ ಮನೆಯವರಿಗೆ ತಾನೇ ಫೋನ್ ಮಾಡುವ ಹಳೆಯ ಆಟೋ ಡಯಲರ್‌ಗಳು 2ಜಿ ಸಿಮ್‌ನಲ್ಲೇ ನಡೆಯುವಂಥವು. ಮಗ ತನ್ನ ಬಳಿಯಿದ್ದ ಜಿಯೋ ಸಿಮ್ ತಂದು ಹಾಕಿದರೆ ಕರೆ ಹೋಗುವುದಿಲ್ಲ, ಆ ಜಾಲದಲ್ಲಿ 2ಜಿ ಇಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಎಎಂಸಿ, ವಾರ್ಷಿಕ ನಿರ್ವಹಣೆಯ ಒಪ್ಪಂದವೇ ಈ ಕಸುಬಿನ ಅನ್ನ. ಹೊಸ ಮನೆಗಳ ಕೆಲಸ ಏರುತ್ತದೆ, ಇಳಿಯುತ್ತದೆ. ಹಳೆಯ ಗಿರಾಕಿ ಉಳಿದರೆ ತಿಂಗಳು ಸಾಗುತ್ತದೆ.

ಗಿರಾಕಿ ಉಳಿಯುವುದು ನಂಬಿಕೆಯ ಮೇಲೆ. ಯಾವ ಕಿಟಕಿಗೆ ಸೆನ್ಸರ್ ಇಲ್ಲ, ಬೀರು ಎಲ್ಲಿದೆ, ಮನೆಯವರು ಯಾವಾಗ ಊರಿಗೆ ಹೋಗುತ್ತಾರೆ ಎಂಬುದೆಲ್ಲ ಅಳವಡಿಸಿದವನಿಗೆ ತಿಳಿದಿರುತ್ತದೆ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪತ್ರ ಪಡೆದು, ಕೇಳುವ ಮೊದಲೇ ತೋರಿಸುವುದು ಒಳ್ಳೆಯ ರೂಢಿ. ಕ್ಯಾಮೆರಾ ಎದುರುಮನೆಯ ಕಿಟಕಿಯನ್ನು ನೋಡದಂತೆ ತಿರುಗಿಸುವುದು, ತಪ್ಪದಿದ್ದರೆ ಆ ಭಾಗವನ್ನು ಸೆಟ್ಟಿಂಗ್‌ನಲ್ಲಿ ಮುಚ್ಚುವುದು ಕೂಡ ಕಸುಬಿನ ಮರ್ಯಾದೆಯೇ. ಇಕ್ಕಟ್ಟಾದ ಕ್ರಾಸುಗಳಲ್ಲಿ ಇದೊಂದಕ್ಕೇ ನೆರೆಹೊರೆಯ ಜಗಳಗಳಾಗುತ್ತವೆ.

ಈಗಾಗಲೇ ಅಲಾರ್ಮ್ ಹಾಕಿಸಿರುವವರು ಈ ಭಾನುವಾರವೇ ಒಂದು ಕೆಲಸ ಮಾಡಿ. ಅಕ್ಕಪಕ್ಕದವರಿಗೆ ಮುಂಚೆಯೇ ತಿಳಿಸಿ, ಮೇನ್ ಸ್ವಿಚ್ ಆರಿಸಿ, ಅಲಾರ್ಮ್ ಆನ್ ಮಾಡಿ ಬಾಗಿಲು ತೆರೆಯಿರಿ. ಸೈರನ್ ಕೂಗದಿದ್ದರೆ ನಿಮ್ಮ ಹುಡುಗನಿಗೆ ಫೋನ್ ಮಾಡಿ ಬ್ಯಾಟರಿ ಬದಲಿಸಿಕೊಳ್ಳಿ. ಅವನು ಬಂದಾಗ ಡಿವಿಆರ್‌ನ ಪಾಸ್‌ವರ್ಡನ್ನು ನೀವೇ ಕೂತು ಬದಲಾಯಿಸಿ.