ಹಡಗಿನ ಪಟ್ಟಿಯಲ್ಲಿಲ್ಲದ ಹೆಸರುಗಳು: ಸ್ಕಾಟ್ಸ್-ಐರಿಷ್ ವಂಶಾವಳಿಯ ಶೋಧ

ಅಮೆರಿಕದ ಏಳನೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ತಂದೆ-ತಾಯಿ 1765ರಲ್ಲಿ ಐರ್ಲೆಂಡಿನ ಉತ್ತರಕ್ಕಿರುವ ಅಲ್‌ಸ್ಟರ್ ಪ್ರಾಂತ್ಯದಿಂದ ವಲಸೆ ಬಂದವರು. ಜಾಕ್ಸನ್ ಹುಟ್ಟಿದ್ದು 1767ರಲ್ಲಿ. ಆದರೆ ಅವರು ಹುಟ್ಟಿದ್ದು ತಮ್ಮ ನೆಲದಲ್ಲಿಯೇ ಎಂದು ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳೆರಡೂ ಇಂದಿಗೂ ವಾದಿಸುತ್ತಿವೆ. ರಾಷ್ಟ್ರಾಧ್ಯಕ್ಷರ ಸ್ಥಿತಿಯೇ ಹೀಗಿರುವಾಗ, ಅದೇ ಕಾಲದಲ್ಲಿ ಬಂದ ಸಾಧಾರಣ ರೈತನೊಬ್ಬನ ಮೂಲವನ್ನು ಪತ್ತೆಹಚ್ಚುವುದು ಎಷ್ಟು ಕಠಿಣವೆಂಬುದನ್ನು ಊಹಿಸಬಹುದು.

ಯಾರು ಈ ಸ್ಕಾಟ್ಸ್-ಐರಿಷ್ ಜನರು? ಒಂದನೆಯ ಜೇಮ್ಸ್ ದೊರೆ 1610ರಿಂದ ಅಲ್‌ಸ್ಟರ್‌ನಲ್ಲಿ ಸ್ಕಾಟ್ಲೆಂಡ್ ಹಾಗೂ ಇಂಗ್ಲೆಂಡಿನ ಪ್ರಾಟೆಸ್ಟೆಂಟರನ್ನು ನೆಲೆಗೊಳಿಸುವ ಯೋಜನೆಯನ್ನು ಜಾರಿಗೆ ತಂದನು. ಹೀಗೆ ಬಂದ ಸ್ಕಾಟರಲ್ಲಿ ಹೆಚ್ಚಿನವರು ಪ್ರೆಸ್ಬಿಟೀರಿಯನ್ ಪಂಥದವರು. ರಾಜಮನ್ನಣೆ ಪಡೆದಿದ್ದ ಆಂಗ್ಲಿಕನ್ ಚರ್ಚಿಗೆ ಅವರು ದಶಾಂಶ ತೆರಬೇಕಿತ್ತು. 1704ರ ಕಾಯಿದೆಯಿಂದಾಗಿ ಸಾರ್ವಜನಿಕ ಹುದ್ದೆಗಳೂ ಅವರ ಕೈತಪ್ಪಿದವು. ಗೇಣಿಯ ಏರಿಕೆ ಮತ್ತು ಬೆಳೆಹಾನಿಗಳು ಸೇರಿ, 1717ರಿಂದ 1775ರವರೆಗೆ ಅಲೆ ಅಲೆಯಾಗಿ ವಲಸೆ ನಡೆಯಿತು. ಬಹುಪಾಲು ಜನರು ಪೆನ್ಸಿಲ್ವೇನಿಯಾದಲ್ಲಿ ಇಳಿದು, ಅಲ್ಲಿಂದ ದಕ್ಷಿಣದ ವರ್ಜೀನಿಯಾ ಹಾಗೂ ಕೆರೊಲಿನಾಗಳ ಗಡಿನಾಡಿಗೆ, ಅಂದರೆ ಮೂಲನಿವಾಸಿಗಳ ನೆಲದತ್ತ ಸಾಗಿದರು.

ಶೋಧಕರಿಗೆ ಮೊದಲ ತೊಡಕು ಎದುರಾಗುವುದು ಬಂದರಿನಲ್ಲಿಯೇ. ಪೆನ್ಸಿಲ್ವೇನಿಯಾದ ಆಡಳಿತವು 1727ರಿಂದ ಜರ್ಮನ್ ವಲಸಿಗರಿಂದ ನಿಷ್ಠೆಯ ಪ್ರಮಾಣ ಪಡೆದು ಹೆಸರು ಬರೆಸಿಕೊಳ್ಳುತ್ತಿತ್ತು. ಅಲ್‌ಸ್ಟರ್‌ನವರಾದರೋ ಆಗಲೇ ಬ್ರಿಟಿಷ್ ದೊರೆಯ ಪ್ರಜೆಗಳು. ಅವರಿಂದ ಪ್ರಮಾಣವೂ ಬೇಕಿರಲಿಲ್ಲ, ಪಟ್ಟಿಯೂ ಬೇಕಿರಲಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಅಮೆರಿಕ ಸರ್ಕಾರ ಕಡ್ಡಾಯಗೊಳಿಸಿದ್ದು 1820ರಿಂದ. ಅಷ್ಟರೊಳಗೆ ಮುಖ್ಯ ವಲಸೆಯೇ ಮುಗಿದುಹೋಗಿತ್ತು.

ಎರಡನೆಯ ತೊಡಕು ಐರ್ಲೆಂಡಿನದು. 1922ರ ಜೂನ್ 30ರಂದು, ಅಂತರ್ಯುದ್ಧದ ಸಂದರ್ಭದಲ್ಲಿ, ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಆಹುತಿಯಾಯಿತು. ಶತಮಾನಗಳ ಉಯಿಲುಗಳು ಹಾಗೂ ಆಂಗ್ಲಿಕನ್ ಚರ್ಚಿನ ಅರ್ಧಕ್ಕಿಂತ ಹೆಚ್ಚು ದಾಖಲೆ ಪುಸ್ತಕಗಳು ಬೂದಿಯಾದವು. ಪ್ರೆಸ್ಬಿಟೀರಿಯನ್ ಚರ್ಚುಗಳ ಪುಸ್ತಕಗಳು ಅಲ್ಲಿರದೆ ಉಳಿದುಕೊಂಡವು. ಆದರೆ ಅವುಗಳಲ್ಲಿ ಅನೇಕವು ಆರಂಭವಾಗುವುದೇ 19ನೆಯ ಶತಮಾನದಲ್ಲಿ. ಹೀಗಾಗಿ 1740ರ ಪ್ರಾಟೆಸ್ಟೆಂಟ್ ಮನೆಯೊಡೆಯರ ಪಟ್ಟಿ, 1766ರ ಧಾರ್ಮಿಕ ಗಣತಿ, 1796ರ ಅಗಸೆ ಬೆಳೆಗಾರರ ಪಟ್ಟಿ ಇವುಗಳ ಉಳಿದ ಭಾಗಗಳೇ ಆಧಾರ. ಇವು ಬೆಲ್‌ಫಾಸ್ಟ್‌ನ ಸರ್ಕಾರಿ ದಾಖಲಾಗಾರದ ಮೂಲಕ ದೊರೆಯುತ್ತವೆ. ಡಬ್ಲಿನ್‌ನಲ್ಲಿ ನಾಶವಾದ ದಾಖಲೆಗಳ ಪ್ರತಿಗಳನ್ನು ಅನ್ಯತ್ರ ಹುಡುಕಿ ಒಗ್ಗೂಡಿಸುವ ಅಂತರ್ಜಾಲ ಭಂಡಾರವೊಂದು 2022ರಲ್ಲಿ ಆರಂಭವಾಗಿದೆ.

ಆದ್ದರಿಂದ ಅನುಭವಿ ಶೋಧಕರು ಹೇಳುವ ಸೂತ್ರ ಒಂದೇ: ಶೋಧವನ್ನು ಐರ್ಲೆಂಡಿನಲ್ಲಿ ಆರಂಭಿಸಬೇಡಿ, ಅಮೆರಿಕದಲ್ಲಿ ಒಂದೊಂದೇ ತಲೆಮಾರಿನಂತೆ ಹಿಂದಕ್ಕೆ ನಡೆಯಿರಿ. 1850ರ ಜನಗಣತಿಯಲ್ಲಿ ಮೊದಲ ಬಾರಿಗೆ ಮನೆಯ ಎಲ್ಲ ಸ್ವತಂತ್ರ ಸದಸ್ಯರ ಹೆಸರು ಮತ್ತು ಜನ್ಮಸ್ಥಳ ದೊರೆಯುತ್ತವೆ. ಅದಕ್ಕೂ ಹಿಂದಿನ ಗಣತಿಗಳಲ್ಲಿ ಕಾಣುವುದು ಯಜಮಾನನ ಹೆಸರು ಮಾತ್ರ. ಆ ಅಂತರವನ್ನು ತುಂಬುವುದು ಉಯಿಲು, ಜಮೀನಿನ ಪತ್ರ ಮತ್ತು ತೆರಿಗೆ ಪಟ್ಟಿಗಳು. 1832ರ ಪಿಂಚಣಿ ಕಾಯಿದೆಯಡಿ ಅರ್ಜಿ ಹಾಕಿದ ವೃದ್ಧ ಸೈನಿಕರು ತಾವು ಹುಟ್ಟಿದ ಊರು, ಹೋರಾಡಿದ ಕದನಗಳನ್ನು ಪ್ರಮಾಣಪೂರ್ವಕ ವಿವರಿಸಿರುವುದೂ ಉಂಟು. ವರ್ಜೀನಿಯಾದ ಆರೆಂಜ್ ಕೌಂಟಿಯಲ್ಲಿ 1740ರಲ್ಲಿ ಹಲವು ಕುಟುಂಬಗಳು, ತಲೆಗೆ 50 ಎಕರೆ ಭೂಮಿಯ ಹಕ್ಕಿಗಾಗಿ, ತಾವು ಐರ್ಲೆಂಡಿನಿಂದ ಫಿಲಡೆಲ್ಫಿಯಾ ಮಾರ್ಗವಾಗಿ ಬಂದುದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಿದ್ದವು. ಹಡಗಿನಲ್ಲಿ ಬರೆಯದಿದ್ದ ಹೆಸರುಗಳನ್ನು ಭೂಮಿಯ ಆಸೆ ಬರೆಸಿತು ಎನ್ನಬೇಕು.

ನೆರೆಹೊರೆಯವರ ಶೋಧವೂ ಅಷ್ಟೇ ಮುಖ್ಯ. ಈ ಜನ ಬಹುಮಟ್ಟಿಗೆ ಬಂಧುಗಳೊಡನೆ, ಕೆಲವೊಮ್ಮೆ ಪಾದ್ರಿಯ ಮುಂದಾಳುತನದಲ್ಲಿ ವಲಸೆ ಬಂದವರು. ಪಾದ್ರಿ ವಿಲಿಯಂ ಮಾರ್ಟಿನ್ ಅವರೊಂದಿಗೆ 1772ರಲ್ಲಿ ಐದು ಹಡಗುಗಳಲ್ಲಿ ಜನರು ದಕ್ಷಿಣ ಕೆರೊಲಿನಾಗೆ ಬಂದರು. ಒಬ್ಬನ ಮೂಲ ತಿಳಿಯದಿದ್ದರೂ ಆತನ ಉಯಿಲಿಗೆ ಸಾಕ್ಷಿ ಹಾಕಿದವನ ಮೂಲ ತಿಳಿದರೆ ದಾರಿ ತೆರೆದೀತು.

ಹೆಸರಿಡುವ ರೂಢಿಯೂ ಸುಳಿವು ನೀಡುತ್ತದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಅನೇಕ ಮನೆತನಗಳಲ್ಲಿತ್ತು. ಆದರೆ ಇದೇ ರೂಢಿಯಿಂದಾಗಿ ಒಂದೇ ಕಣಿವೆಯಲ್ಲಿ ಒಂದೇ ಹೆಸರಿನ ನಾಲ್ಕಾರು ಸೋದರಸಂಬಂಧಿಗಳೂ ಇರಬಹುದು. ತಂದೆಯಿಂದ ಮಗನಿಗೆ ಸಾಗುವ ವೈ ವರ್ಣತಂತುವಿನ ಪರೀಕ್ಷೆ ಇಬ್ಬರಿಗೆ ಸಮಾನ ಪೂರ್ವಜನಿದ್ದಾನೆಯೇ ಎಂದು ಹೇಳಬಲ್ಲದು. ಆತನ ಹೆಸರು, ಊರುಗಳನ್ನು ದಾಖಲೆಯೇ ಹೇಳಬೇಕು.

ಈ ಶೋಧದಲ್ಲಿ ಮತ್ತೊಂದು ವರ್ಗದ ಹಿತವೂ ಅಡಗಿದೆ. ದಕ್ಷಿಣಕ್ಕೆ ಹೋದ ಹಲವು ಸ್ಕಾಟ್ಸ್-ಐರಿಷ್ ಕುಟುಂಬಗಳು ಗುಲಾಮರನ್ನು ಹೊಂದಿದ್ದವು. ಸ್ವತಃ ಜಾಕ್ಸನ್ ಅವರೂ ಹೊಂದಿದ್ದರು. 1850 ಮತ್ತು 1860ರ ಗುಲಾಮರ ಗಣತಿ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರಿದೆಯೇ ಹೊರತು ಗುಲಾಮರ ಹೆಸರಿಲ್ಲ. ಆ ಹೆಸರುಗಳು ಸಿಗುವುದು ಒಡೆಯರ ಉಯಿಲು ಮತ್ತು ಆಸ್ತಿಪಟ್ಟಿಗಳಲ್ಲಿ, ದನಕರುಗಳ ಸಾಲಿನ ಪಕ್ಕದಲ್ಲಿ. ತನ್ನ ಮುತ್ತಜ್ಜನ ಉಯಿಲನ್ನು ಹುಡುಕಿ ಪ್ರಕಟಿಸುವವನು, ಅರಿವಿಲ್ಲದೆಯೇ, ಕಪ್ಪು ಕುಟುಂಬವೊಂದರ ಬೇರನ್ನೂ ಬೆಳಕಿಗೆ ತರುತ್ತಿರಬಹುದು. ಅದಕ್ಕಾಗಿಯೇ ಒಪ್ಪುವ ಪುಟವನ್ನಷ್ಟೇ ಆರಿಸದೆ ಇಡೀ ದಾಖಲೆಯನ್ನು ಉಳಿಸುವುದು ಅಗತ್ಯ. ಪುರಾವೆ ಮುಗಿದಲ್ಲಿ ಗೆರೆ ನಿಲ್ಲಿಸಿ ಜಾಗ ಖಾಲಿ ಬಿಟ್ಟ ವಂಶವೃಕ್ಷವು, ಊಹೆಯಿಂದ ರಾಜಮನೆತನದವರೆಗೆ ಎಳೆದ ವಂಶವೃಕ್ಷಕ್ಕಿಂತ ಹೆಚ್ಚು ನಂಬಲರ್ಹ.