ಅಪ್ಪನ ಲ್ಯಾಪ್‌ಟಾಪ್‌ಗೆ ಹೊಸ ಓಎಸ್ ಹಾಕಿದ ಭಾನುವಾರ

"ಓಡ್ತಿರೋ ಗಾಡೀನ ಯಾಕೋ ಗುಜರಿಗೆ ಹಾಕ್ಬೇಕು?" ಅಂದರು ಅಪ್ಪ. ಮೂರು ವರ್ಷದ ಹಿಂದೆ ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅದು. ಬಿನ್ನಿಪೇಟೆಯ ನಮ್ಮ ಮನೆಯ ಹಾಲಿನಲ್ಲಿ ಕೂತು ಅಪ್ಪ ಅದರಲ್ಲಿ ತಾತನ ಕತೆ ಬರೀತಾರೆ. ತಾತ ಬಿನ್ನಿ ಮಿಲ್ಲಿನ ಕೆಲಸಗಾರರಾಗಿದ್ದರು. ಮಿಲ್ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ.

ಹೊಸದು ಕೊಳ್ಳೋಣ ಅಂತ ನಾನು ಹೇಳಿದ್ದಕ್ಕೆ ಕಾರಣವಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಲ್ಯಾಪ್‌ಟಾಪ್ ಅವತ್ತೇ ನಿಂತುಹೋಗಲ್ಲ, ನಿಜ. ಆದರೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಮೆಷಿನ್ನಿನಲ್ಲಿ ಅಪ್ಪ ಬ್ಯಾಂಕ್ ವ್ಯವಹಾರ ಮಾಡೋದು ನನಗೆ ಇಷ್ಟವಿರಲಿಲ್ಲ. ವಿಂಡೋಸ್ 11 ಹಾಕೋಣ ಅಂದ್ರೆ, ಅದು ಟಿಪಿಎಂ 2.0 ಚಿಪ್ ಕೇಳುತ್ತೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು. ಅಪ್ಪನದು 6ನೇ ತಲೆಮಾರು. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಖಾತ್ರಿ ಇಲ್ಲ.

ಕೊನೆಗೆ ಲಿನಕ್ಸ್ ಮಿಂಟ್ 22 ಆರಿಸಿಕೊಂಡೆ. ಉಚಿತ, 4 ಜಿಬಿ ರ‍್ಯಾಮ್ ಇದ್ದರೆ ಸಾಕು, 2029ರವರೆಗೆ ಅಪ್‌ಡೇಟ್ ಬರುತ್ತೆ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್‌ನಿಂದ ಐಎಸ್‌ಒ ಬರೆದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವೈಫೈ, ಸೌಂಡ್, ಕ್ಯಾಮೆರಾ ಎಲ್ಲ ಕೆಲಸ ಮಾಡುತ್ತಾ ಅಂತ ನೋಡಬಹುದು. ಈ ಹೆಜ್ಜೆ ಮಾತ್ರ ಬಿಡಬೇಡಿ.

ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡಿಕೊಂಡಿದ್ದೆ. 'ಎರೇಸ್ ಡಿಸ್ಕ್' ಆಯ್ಕೆ ಮಾಡಿ, 'ಇನ್‌ಸ್ಟಾಲ್' ಒತ್ತೋಕೆ ಬೆರಳು ಇಟ್ಟಿದ್ದೆ. ಕಾಫಿ ಲೋಟ ಹಿಡಿದು ಬಂದ ಅಪ್ಪ ಸುಮ್ಮನೆ ಕೇಳಿದರು: "ಡಿ ಡ್ರೈವ್‌ನಲ್ಲಿರೋದೂ ಹೋಗತ್ತೇನೋ?"

ನನ್ನ ಕೈ ತಣ್ಣಗಾಯಿತು. ತಾತನ ಕತೆಯ ನಲವತ್ತು ಚಿಲ್ಲರೆ ಫೈಲುಗಳೂ ಇದ್ದದ್ದು ಅಲ್ಲೇ! ಎಂಟು ವರ್ಷದಿಂದ ಇದೇ ಫೀಲ್ಡಿನಲ್ಲಿದ್ದೀನಿ, "ನಿಮ್ಮ ಫೈಲ್ ಎಲ್ಲಿಡ್ತೀರಪ್ಪಾ?" ಅಂತ ಒಂದು ಮಾತು ಕೇಳಿರಲಿಲ್ಲ. ಎಲ್ಲ ನಿಲ್ಲಿಸಿ, ವಾಪಸ್ ವಿಂಡೋಸ್‌ಗೆ ಹೋಗಿ, ಎರಡು ಕಡೆ ಕಾಪಿ ಮಾಡಿ, ಒಂದೆರಡು ಫೈಲ್ ತೆರೆದು ನೋಡಿದ ಮೇಲೇ ಮುಂದುವರಿದೆ. ಇನ್‌ಸ್ಟಾಲ್ ಅರ್ಧ ಗಂಟೆಯೊಳಗೆ ಮುಗಿಯಿತು.

ಆಮೇಲೆ ಇನ್ನೊಂದು ಫಜೀತಿ. ಹೊಸ ಓಎಸ್‌ನಲ್ಲಿ ಅಪ್ಪನ ಫೈಲ್ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅಪ್ಪ ಬರೆದಿದ್ದು ನುಡಿಯ ಹಳೇ ಫಾಂಟಿನಲ್ಲಿ. ಅದರಲ್ಲಿ ಒಳಗಿರೋದು ಬೇರೆ ಸಂಕೇತ, ಕನ್ನಡವಾಗಿ ಕಾಣಿಸೋದು ಫಾಂಟ್ ಮಾತ್ರ. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಯೂನಿಕೋಡ್ ಹಾಗಲ್ಲ, ಅಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಫೋನಿನಲ್ಲೂ ಓದಬಹುದು. ಪರಿವರ್ತಕ ಬಳಸಿ ಎಲ್ಲವನ್ನೂ ಯೂನಿಕೋಡ್‌ಗೆ ತಂದೆ. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಅಪ್ಪನೇ ಕೂತು ತಿದ್ದಿದರು. ಟೈಪಿಂಗ್‌ಗೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಹಾಕಿಕೊಟ್ಟೆ. ನುಡಿಯ ಅಭ್ಯಾಸ ಇದ್ದಿದ್ದರಿಂದ ಬೆರಳು ತಡವರಿಸಲಿಲ್ಲ.

ಮನೆಯ ಹಳೇ ಲ್ಯಾಪ್‌ಟಾಪ್‌ಗೆ ನೀವೂ ಹೊಸ ಓಎಸ್ ಹಾಕೋದಾದರೆ, ಪೆನ್‌ಡ್ರೈವ್ ಹುಡುಕೋಕೆ ಮುಂಚೆ ಅದನ್ನ ಬಳಸೋರ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ಏನೇನು ಎಲ್ಲೆಲ್ಲಿದೆ ಅಂತ ಅವರೇ ತೋರಿಸ್ಲಿ.

ತಾತನ ಕತೆಯನ್ನ ನಾನು ಮೊದಲ ಸಲ ಪೂರ್ತಿ ಓದಿದ್ದು ಮೊನ್ನೆ, ಮೆಟ್ರೋದಲ್ಲಿ, ನನ್ನ ಫೋನಿನಲ್ಲಿ.